ಐ7 ಅನ್ನೋದು ಬಿರುದಲ್ಲ ಸ್ವಾಮಿ, ಬೋರ್ಡು ಯಾವುದು ಹೇಳಿ

ಇವತ್ತು ಸ್ವಲ್ಪ ಜಗಳ ಆಡೋದಿದೆ. ಬ್ಲಾಗ್ ಗೆಳೆಯರಲ್ಲಿ ಕೆಲವರಿಗೆ ಬೇಜಾರಾಗಬಹುದು. ಯಾಕಂದ್ರೆ ನಾನು ಯಾವ ಮಾತಿನ ಮೇಲೆ ಎಗರಿ ಬೀಳ್ತಾ ಇದ್ದೀನೋ ಅದನ್ನ ನಮ್ಮಲ್ಲೇ ಸುಮಾರು ಜನ ಹೇಳ್ತಾ ಬಂದಿದ್ದೀವಿ, ನಾನೂ ಹೇಳಿದ್ದೀನಿ. ಆ ಮಾತು ಇದು: "ಇರೋ ದುಡ್ಡನ್ನೆಲ್ಲಾ ಪ್ರೊಸೆಸರಿಗೆ ಹಾಕು, ಬೋರ್ಡು ಯಾವುದಾದ್ರೂ ನಡೆಯುತ್ತೆ." ನಡೆಯಲ್ಲ. ಬೆಂಗಳೂರಿನ ತಂಪು ರೂಮಲ್ಲಿ ಹೇಗೋ ಗೊತ್ತಿಲ್ಲ, ಚಳ್ಳಕೆರೆಯಲ್ಲಿ ನಡೆಯಲ್ಲ, ಮೊಳಕಾಲ್ಮೂರಲ್ಲಂತೂ ನಡೆಯೋದೇ ಇಲ್ಲ.

ಅಕ್ಕನ ಮನೆ ಚಳ್ಳಕೆರೆಯಲ್ಲಿ. ಮಗ ಡಿಗ್ರಿಗೆ ಸೇರಿದ, ಮನೆಗೊಂದು ಕಂಪ್ಯೂಟರ್ ಬೇಕಾಯ್ತು. ಶೇಂಗಾ ದುಡ್ಡು ಕೈಗೆ ಬಂದಿದ್ದೇ ತಡ, ಭಾವ 24 ಸಾವಿರ ಎಣಿಸಿ ಒಂದು ಅಂಗಡಿಯಲ್ಲಿ ಅಸೆಂಬಲ್ ಮಾಡಿಸಿಕೊಂಡು ಬಂದರು. ಫೋನಿನಲ್ಲಿ ಅಕ್ಕನ ದನಿ ಕೇಳಬೇಕಿತ್ತು. "ಐ7 ಐತೆ ಕಣೋ, ಐ5 ಅಲ್ಲ. ಪಕ್ಕದ ಮನೆಯೋರ್ದು ಬರೀ ಐ3." ನಾನೂ ಒಳ್ಳೇದಾಯ್ತು ಬಿಡು ಅಂದೆ. ಹಬ್ಬಕ್ಕೆ ಹೋದಾಗ ನೋಡಿದರೆ ಡಬ್ಬದ ಪಕ್ಕ ಗಾಜು, ಗಾಜಿನೊಳಗೆ ನಾಯಕನಹಟ್ಟಿ ಜಾತ್ರೆ ಥರ ಬಣ್ಣಬಣ್ಣದ ದೀಪ. ಹುಡುಗ ಯೂಟ್ಯೂಬಲ್ಲಿ ಪಾಠ ಹಾಕಿದ ಕೂಡಲೇ ಫ್ಯಾನು ಎಣ್ಣೆ ಮಿಲ್ಲಿನ ಹಾಗೆ ಕೂಗೋಕೆ ಶುರು ಮಾಡ್ತು. ನನಗೆ ಅನುಮಾನ ಬಂತು. ಬಿಚ್ಚಿದೆ.

ಒಳಗಿದ್ದಿದ್ದು ಐ7 2600. ಸುಳ್ಳಲ್ಲ, ಐ7ನೇ. ಆದ್ರೆ 2011ರ ಐ7! ಅದು ಕೂತಿದ್ದು ಎಚ್61 ಚಿಪ್‌ಸೆಟ್ಟಿನ ಒಂದು ಬೋರ್ಡಿನ ಮೇಲೆ. ಬೋರ್ಡು ಹೊಸದು, ಹಸಿರು ಬಣ್ಣ ಮಿರಮಿರ ಮಿಂಚ್ತಾ ಇತ್ತು, ವಾರಂಟಿ ಸ್ಟಿಕ್ಕರೂ ಹೊಸದೇ. ಮಾಡಿದವರ ಹೆಸರು ಮಾತ್ರ ಎಲ್ಲೂ ಇಲ್ಲ. ಎಚ್61 ಕೂಡ 2011ರ ಚಿಪ್‌ಸೆಟ್ಟೇ. ಇಂಟೆಲ್ ಅದನ್ನ ಬಿಟ್ಟು ಎಷ್ಟೋ ವರ್ಷ ಆಯ್ತು, ಆದರೂ ಅದನ್ನಿಟ್ಟುಕೊಂಡು 'ಹೊಸ' ಬೋರ್ಡುಗಳು ಬರ್ತಾನೇ ಇವೆ. ಚಿಪ್ಪು ಎಲ್ಲಿಂದ ಬರ್ತಾ ಇರಬಹುದು ಅನ್ನೋದನ್ನ ನಿಮ್ಮ ಊಹೆಗೇ ಬಿಡ್ತೀನಿ. ಅದರಲ್ಲಿ ರ್‍ಯಾಮಿಗೆ ಎರಡೇ ಜಾಗ, ಅದೂ ಡಿಡಿಆರ್3. ಸಾಟಾ ಹಳೇ 3 ಗಿಗಾಬಿಟ್ಟಿಂದು, ಅಂದ್ರೆ ನೀವು ಎಷ್ಟೇ ಒಳ್ಳೇ ಎಸ್‌ಎಸ್‌ಡಿ ಹಾಕಿದ್ರೂ ಅದರ ಅರ್ಧ ವೇಗ ಬಾಗಿಲಲ್ಲೇ ನಿಲ್ಲುತ್ತೆ. ಯುಎಸ್‌ಬಿ 3 ಆ ಚಿಪ್‌ಸೆಟ್ಟಿಗೆ ಹುಟ್ಟಿನಿಂದಲೇ ಇಲ್ಲ.

ಇಷ್ಟೇ ಆಗಿದ್ರೆ ಹೋಗ್ಲಿ ಹಳೇದು ಅಂತ ಸುಮ್ಮನಿರ್ತಿದ್ದೆ. ಅದರ ಮೇಲೆ ವಿಂಡೋಸ್ 11 ಕೂರಿಸಿದ್ರು. ವಿಂಡೋಸ್ 11ಕ್ಕೆ ಇಂಟೆಲಲ್ಲಾದ್ರೆ ಸುಮಾರಾಗಿ ಎಂಟನೇ ತಲೆಮಾರಿನಿಂದ ಮೇಲಿನ ಪ್ರೊಸೆಸರ್, ಜೊತೆಗೆ ಟಿಪಿಎಂ 2.0 ಬೇಕು. ಈ 2600 ಎರಡನೇ ತಲೆಮಾರಿಂದು. ಪರೀಕ್ಷೆಯನ್ನ ಹಿಂಬಾಗಿಲಿಂದ ದಾಟಿಸಿ ಒಳಗೆ ಬಿಟ್ಟಿದ್ದಾರೆ. ಹೀಗೆ ಬಿಟ್ಟಿದ್ದಕ್ಕೆ ಮುಂದೆ ಅಪ್‌ಡೇಟ್ ಬರುತ್ತೆ ಅನ್ನೋ ಭರವಸೆಯನ್ನ ಮೈಕ್ರೋಸಾಫ್ಟ್ ಕೊಡೋದಿಲ್ಲ. ವಿಂಡೋಸ್ 10ಕ್ಕೆ ವಾಪಸ್ ಹೋಗೋಣ ಅಂದ್ರೆ ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದುಹೋಯ್ತು. ಭಾವ ಬ್ಯಾಂಕಿನ ಕೆಲಸವನ್ನೂ ಅದರಲ್ಲೇ ಮಾಡ್ತಾರೆ. ಶೇಂಗಾ ಬೆಳೆದ ದುಡ್ಡು ಸ್ವಾಮಿ ಅದು, ವರ್ಷಕ್ಕೆ ಒಂದು ಸಲ ಬರೋದು, ಅದೂ ಮಳೆ ಬಂದ್ರೆ. ಮಳೆಯ ವಿಷಯದಲ್ಲಿ ನಮ್ಮ ತಾಲ್ಲೂಕಿನ ಹಣೆಬರಹ ನಿಮಗೆ ಗೊತ್ತೇ ಇದೆ.

ಫ್ಯಾನು ಕೂಗಿದ್ದು ಯಾಕೆ ಅಂತ ಹೇಳಿಬಿಡ್ತೀನಿ. ಯೂಟ್ಯೂಬ್ ವೀಡಿಯೋಗಳು ಈಗ ಬರೋದು ವಿಪಿ9, ಎವಿ1 ಅನ್ನೋ ಹೊಸ ರೂಪಗಳಲ್ಲಿ. 2011ರ ಚಿಪ್ಪಿನೊಳಗಿನ ಗ್ರಾಫಿಕ್ಸಿಗೆ ಅವನ್ನ ಬಿಡಿಸೋದು ಗೊತ್ತಿಲ್ಲ, ಹಾಗಾಗಿ ಇಡೀ ಭಾರ ಪ್ರೊಸೆಸರಿನ ಬೆನ್ನಿಗೆ. ಅಕ್ಕ ಹಂಗಿಸಿದ ಐ3 ಇದೆಯಲ್ಲ, ಅದು 2022ರ ಐ3 12100 ಅಂತ ಆಮೇಲೆ ಗೊತ್ತಾಯ್ತು. ಅದರಲ್ಲೂ ನಾಲ್ಕು ಕೋರು, ಎಂಟು ಥ್ರೆಡ್ಡು. ಐ7 2600ರಲ್ಲೂ ಅಷ್ಟೇ. ಆದ್ರೆ ಆ ಐ3 ಈ ಐ7ನ ಎರಡು ಪಟ್ಟಿಗಿಂತ ಹೆಚ್ಚು ಕೆಲಸ ಮಾಡುತ್ತೆ, ಕರೆಂಟ್ ಕಡಿಮೆ ತಿನ್ನುತ್ತೆ, ವೀಡಿಯೋವನ್ನ ಉಸಿರು ಬಿಡದೆ ಬಿಡಿಸಿಡುತ್ತೆ. 3, 5, 7 ಅನ್ನೋದು ಆಯಾ ವರ್ಷದ ತರಗತಿಯೊಳಗಿನ ರ್‍ಯಾಂಕು ಅಷ್ಟೇ. 2011ರಲ್ಲಿ ಏಳನೇ ಕ್ಲಾಸಿಗೆ ಫಸ್ಟ್ ಬಂದವನನ್ನ ಇವತ್ತಿನ ಡಿಗ್ರಿ ಹುಡುಗನ ಪಕ್ಕ ಕೂರಿಸಿದ ಹಾಗೆ. ಇಂಟೆಲಿನವರಿಗೇ ಈ 'ಐ' ಸಾಕಾಗಿ 2023ರ ಕೊನೆಯಿಂದ ಹೊಸ ಸಾಲಿಗೆ ಕೋರ್ ಅಲ್ಟ್ರಾ ಅಂತ ಹೆಸರಿಟ್ಟಿದ್ದಾರೆ. ನಮ್ಮೋರು ಮಾತ್ರ ಐ7 ಬಿಡಲ್ಲ.

ಹಳೇ ಬ್ಲಾಗಿಗರಿಗೆ ನೆನಪಿರಬಹುದು, ಇದೇ ಮೋಸವನ್ನ ನಾವು ಗಿಗಾಹರ್ಟ್ಸ್ ಹೆಸರಲ್ಲಿ ತಿಂದಿದ್ವಿ. ಪೆಂಟಿಯಂ 4 ಕಾಲ. ಎಎಂಡಿಯವರ ಅಥ್ಲಾನ್ ಎಕ್ಸ್‌ಪಿ 2000+ ಓಡ್ತಿದ್ದಿದ್ದು 1.67 ಗಿಗಾಹರ್ಟ್ಸಿನಲ್ಲಿ, "ಅಯ್ಯೋ ಎರಡೂ ಇಲ್ವಲ್ಲಾ" ಅಂತ ಬಿಟ್ಟು ಬಂದ ಗಿರಾಕಿಗಳಲ್ಲಿ ನಾನೂ ಒಬ್ಬ. 2006ರಲ್ಲಿ ಕೋರ್ 2 ಡುಯೋ ಬಂದು, ಕಡಿಮೆ ಗಿಗಾಹರ್ಟ್ಸಿನಲ್ಲೇ ಪೆಂಟಿಯಂ 4ನ ಹೊಡೆದು ಮಲಗಿಸ್ತು. ಅಷ್ಟೊತ್ತಿಗೆ ನನ್ನ ಹತ್ರ ಇದ್ದ ಬೋರ್ಡಿನ ಕೆಪಾಸಿಟರ್‌ಗಳು ಉಬ್ಬಿ ತಲೆ ಒಡೆದುಕೊಂಡಿದ್ವು. ಆ ಕಾಲದಲ್ಲಿ ಜಗತ್ತಿನ ತುಂಬಾ ಬೋರ್ಡುಗಳು ಹಾಗೇ ಸತ್ತವು, ಪ್ರೊಸೆಸರುಗಳು ಗಟ್ಟಿಯಾಗೇ ಇದ್ವು. ಆಗಲೇ ಕಲೀಬೇಕಿತ್ತು. ಯೂನಿಕೋಡ್ ಕನ್ನಡ ಕಾಣಿಸಿದ್ದಕ್ಕೆ ಕುಣಿದಾಡೋ ದಿನಗಳವು, ಅದನ್ನೆಲ್ಲ ಯೋಚಿಸೋಕೆ ಪುರುಸೊತ್ತೆಲ್ಲಿತ್ತು :-)

ಈಗ ಮೊಳಕಾಲ್ಮೂರಿನ ಕಥೆ. ಇದು ಅಕ್ಕನ ಮನೆಯ ಕಥೆಗಿಂತ ಮುಖ್ಯ, ಯಾಕಂದ್ರೆ ಇಲ್ಲಿ ಯಾರೂ ಹಳೇ ಮಾಲು ದಾಟಿಸಲಿಲ್ಲ. ಎಲ್ಲಾ ಹೊಸದೇ, ಬಿಲ್ಲೂ ಸರಿಯಾಗೇ ಇತ್ತು. ಗೆಳೆಯನೊಬ್ಬ ಸೀರೆಗೆ ಡಿಸೈನ್ ಹಾಕ್ತಾನೆ. ಅಂಚು, ಸೆರಗಿನ ಚಿತ್ರವನ್ನ ಕಂಪ್ಯೂಟರಲ್ಲಿ ಚೌಕಳಿ ಚೌಕಳಿಯಾಗಿ ಬಿಡಿಸಿ ಜಕಾರ್ಡ್ ಕಾರ್ಡಿಗೆ ಇಳಿಸೋ ಕೆಲಸ. (ತೂತಿನ ಕಾರ್ಡಿನಿಂದ ಮಗ್ಗಕ್ಕೆ ಬುದ್ಧಿ ಹೇಳೋ ಈ ಯಂತ್ರವನ್ನ ಜಕಾರ್ಡ್ ಮಾಡಿದ್ದು 1804ರ ಹೊತ್ತಿಗೆ, ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಆ ಕಾರ್ಡಿನ ಉಪಾಯವನ್ನ ತಗೊಂಡ. ಕಂಪ್ಯೂಟರು ಮಗ್ಗದ ಮನೆಗೆ ಹೊಸಬನೇನಲ್ಲ, ತವರಿಗೆ ಬಂದಿದೆ ಅಷ್ಟೇ.) ಬೆಂಗಳೂರಲ್ಲಿರೋ ಅವನ ಸಂಬಂಧಿಯೊಬ್ಬರು "ಐ7 12700 ಹಾಕಿಸು, ಬೋರ್ಡಲ್ಲಿ ಉಳಿಸು" ಅಂದ್ರು. ಹಾಗೇ ಮಾಡಿದ. ಎಚ್610 ಬೋರ್ಡು, ಇದ್ದಿದ್ದರಲ್ಲೇ ಅಗ್ಗದ್ದು.

ಬೆಳಿಗ್ಗೆ ಗಾಳಿಯಂತೆ ಓಡುತ್ತೆ. ಮಧ್ಯಾಹ್ನ ಎರಡಕ್ಕೆ ಎತ್ತಿನಗಾಡಿ. ತಗಡಿನ ಮಾಡು, ಏಪ್ರಿಲ್ ತಿಂಗಳು, ಹೊರಗೆ ನಲವತ್ತರ ಹತ್ತಿರದ ಬಿಸಿಲು. ಅವನು ವೈರಸ್ ಅಂದ್ಕೊಂಡು ಎರಡು ಸಲ ಫಾರ್ಮ್ಯಾಟ್ ಮಾಡಿಸಿದ್ದ, ಪ್ರತಿ ಸಲ ಐನೂರು ರೂಪಾಯಿ!

ಆಗಿದ್ದಿಷ್ಟೇ. ಡಬ್ಬದ ಮೇಲೆ 12700ಕ್ಕೆ 65 ವ್ಯಾಟ್ ಅಂತ ಬರೆದಿರುತ್ತೆ. ಅದು ಮೂಲ ಲೆಕ್ಕ. ಮೈಮೇಲೆ ಕೆಲಸ ಬಿದ್ದಾಗ ಅದು 180 ವ್ಯಾಟಿನವರೆಗೂ ಎಳೆಯಬಹುದು ಅಂತ ಇಂಟೆಲೇ ಹೇಳುತ್ತೆ. ಪ್ರೊಸೆಸರಿಗೆ ಬೇಕಾಗೋದು ಹತ್ತಿರ ಹತ್ತಿರ ಒಂದು ವೋಲ್ಟ್, ಎಸ್‌ಎಂಪಿಎಸ್ ಕೊಡೋದು 12 ವೋಲ್ಟ್. ನಡುವೆ ಇಳಿಸಿ ಕೊಡೋ ಕೆಲಸ ಬೋರ್ಡಿಂದು, ಸಾಕೆಟ್ಟಿನ ಪಕ್ಕ ಸಾಲಾಗಿ ಕೂತಿರೋ ಕರೀ ಚೌಕಗಳದ್ದು. ಅದಕ್ಕೆ ವಿಆರ್‌ಎಂ ಅಂತಾರೆ. ಲೆಕ್ಕ ಹಾಕಿ ನೋಡಿ: 65 ವ್ಯಾಟನ್ನ 1.2 ವೋಲ್ಟಿಗೆ ಕೊಡಬೇಕಂದ್ರೆ 54 ಆಂಪಿಯರ್! ಮನೆಯ 32 ಆಂಪಿಯರ್ ಎಂಸಿಬಿಯನ್ನ ಮೀರಿದ ಹರಿವು ಅಂಗೈಯಗಲದ ಜಾಗದಲ್ಲಿ. 65ಕ್ಕೇ ಇಷ್ಟು, ಇನ್ನು 180ಕ್ಕೆ? ಗೆಳೆಯನ ಬೋರ್ಡಲ್ಲಿ ಆ ಕರೀ ಚೌಕಗಳ ಮೇಲೆ ಶಾಖ ತೆಗೆಯೋ ಅಲ್ಯೂಮಿನಿಯಂ ತುಂಡೇ ಇರಲಿಲ್ಲ, ಬೆತ್ತಲೆ. ಬೆಳಗಿನ ತಂಪಲ್ಲಿ ಹೇಗೋ ತಡೆಯುತ್ತೆ, ಮಧ್ಯಾಹ್ನ ಕಾದು ಕೆಂಡವಾಗಿ "ನಂಗಾಗಲ್ಲ, ನಿಧಾನ ಮಾಡು" ಅಂತ ಪ್ರೊಸೆಸರಿನ ಕತ್ತು ಹಿಸುಕುತ್ತೆ. ಅಂದ್ರೆ ನೀವು ಐ7ಗೆ ದುಡ್ಡು ಕೊಟ್ಟು ದಿನದಲ್ಲಿ ಅರ್ಧ ಹೊತ್ತು ಐ3ಗಿಂತ ಕಡೆಯಾಗಿ ಓಡಿಸ್ತಾ ಇದ್ದೀರಿ. ಇದೇ ದುಡ್ಡಲ್ಲಿ ಒಂದು ಮೆಟ್ಟಿಲು ಕೆಳಗಿನ ಐ5, ಒಂದು ಮೆಟ್ಟಿಲು ಮೇಲಿನ ಬೋರ್ಡು ಬರ್ತಿತ್ತು.

ಸದ್ಯಕ್ಕೆ ನಾನು ಮಾಡಿದ್ದು, ಬಯೋಸಿಗೆ ಹೋಗಿ ಮಿತಿಯನ್ನ 65 ವ್ಯಾಟಿಗೇ ಕಟ್ಟಿದೆ, ಪಕ್ಕಕ್ಕೊಂದು 120 ಮಿಲಿಮೀಟರಿನ ಫ್ಯಾನ್ ಹಾಕಿದೆ, ಒಳಗಿದ್ದ ಧೂಳನ್ನ ಬ್ರಷ್ಷಿನಿಂದ ಕೆರೆದೆ. ಮಧ್ಯಾಹ್ನದ ನಿದ್ದೆ ಬಿಟ್ಟಿದೆ. ಪೂರ್ತಿ ಐ7 ಅಲ್ಲ, ಆದ್ರೆ ಬೆಳಿಗ್ಗೆಯಿಂದ ಸಂಜೆಯವರೆಗೂ ಒಂದೇ ಥರ ಓಡುತ್ತೆ. ವೈರಸ್ಸೂ ಇರಲಿಲ್ಲ, ಗಾಳಿ-ಗ್ರಹವೂ ಇರಲಿಲ್ಲ.

ಧೂಳು, ಶಾಖ, ವೋಲ್ಟೇಜು. ಈ ಮೂರನ್ನೂ ಬೆಂಗಳೂರಿನ ಸಲಹೆಗಾರರು ಲೆಕ್ಕಕ್ಕೇ ತಗೊಳಲ್ಲ. ಕೆಪಾಸಿಟರಿನ ಆಯಸ್ಸು ಹತ್ತು ಡಿಗ್ರಿ ಬಿಸಿ ಏರಿದಂತೆಲ್ಲ ಸುಮಾರು ಅರ್ಧಕ್ಕಿಳಿಯುತ್ತೆ ಅನ್ನೋದು ಎಲೆಕ್ಟ್ರಾನಿಕ್ಸಿನವರ ಹಳೇ ಲೆಕ್ಕ. ಬೆಂಗಳೂರಿನ 27 ಡಿಗ್ರಿ ರೂಮಿಗೂ ನಮ್ಮ 38 ಡಿಗ್ರಿ ರೂಮಿಗೂ ಇರೋ ಅಂತರವೇ ಅಷ್ಟು. ಅಲ್ಲಿ ಎಂಟು ವರ್ಷ ಬಾಳೋ ಬೋರ್ಡು ಇಲ್ಲಿ ನಾಲ್ಕಕ್ಕೆ ಮಲಗಿದ್ರೆ ಅದು ಬೋರ್ಡಿನ ತಪ್ಪಲ್ಲ, ಆರಿಸಿದವನ ತಪ್ಪು. ಇನ್ನು ಕರೆಂಟು. ಪಂಪ್‌ಸೆಟ್ಟು ಶುರುವಾದಾಗ ಟ್ಯೂಬ್‌ಲೈಟ್ ಕಣ್ಣು ಹೊಡೆಯೋ ಊರಲ್ಲಿ ಯುಪಿಎಸ್ ಇಲ್ಲದೆ ಕಂಪ್ಯೂಟರ್ ಇಡೋದು, ಹೆಸರಿಲ್ಲದ ಎಸ್‌ಎಂಪಿಎಸ್ ಹಾಕೋದು, ಎರಡೂ ಒಂದೇ ಪಾಪ. ಕಾರಣ ಇಷ್ಟೆ, ಕೆಟ್ಟ ಎಸ್‌ಎಂಪಿಎಸ್ ಸಾಯುವಾಗ ಒಬ್ಬಂಟಿಯಾಗಿ ಸಾಯಲ್ಲ, ಬೋರ್ಡನ್ನ ಸತಿ ಹೋಗಿಸಿಯೇ ಹೋಗೋದು.

ಅಂದ ಹಾಗೆ ಒಂದು ತಮಾಷೆ ನೋಡಿ. ಇದೇ ಚಳ್ಳಕೆರೆ ತಾಲ್ಲೂಕಿನಲ್ಲಿ, ಡಿಆರ್‌ಡಿಒದವರ ರನ್‌ವೇ ಮೇಲೆ, 2023ರ ಏಪ್ರಿಲ್ 2ರಂದು ಇಸ್ರೋದವರು ರೆಕ್ಕೆಯ ವಾಹನವೊಂದನ್ನ ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಕೈಬಿಟ್ಟರು. ಅದು ತನ್ನ ಲೆಕ್ಕ ತಾನೇ ಹಾಕಿಕೊಂಡು ಬಂದು ಇಳೀತು. ಅದೇ ಏಪ್ರಿಲ್ ಬಿಸಿಲು. ಇಸ್ರೋ 2025ರ ಮಾರ್ಚಲ್ಲಿ ಪಡೆದುಕೊಂಡ ರಾಕೆಟ್ಟಿನ ಹೊಸ ಪ್ರೊಸೆಸರ್ ವಿಕ್ರಮ್ 3201 ಇದೆಯಲ್ಲ, ಚಂಡೀಗಢದಲ್ಲಿ 180 ನ್ಯಾನೋಮೀಟರಿನಲ್ಲಿ ಮಾಡಿದ್ದು. ನಮ್ಮ 2011ರ ಐ7ನೇ 32 ನ್ಯಾನೋಮೀಟರು! ರಾಕೆಟ್ ಹಾರಿಸೋರು ಎಲ್ಲಕ್ಕಿಂತ ದೊಡ್ಡ ನಂಬರ್ ಯಾವುದು ಅಂತ ಕೇಳಲಿಲ್ಲ, ಬಿಸಿ, ನಡುಕ, ಕಂಪನ ತಡೆದು ಕೆಲಸ ಮುಗಿಸೋದು ಯಾವುದು ಅಂತ ಕೇಳಿದ್ರು. ಅಷ್ಟು ಹತ್ತಿರದಲ್ಲಿ ಪಾಠ ನಡೀತಾ ಇದ್ರೂ ನಾವು ಮಾತ್ರ ದೀಪ ನೋಡಿ ಡಬ್ಬ ತಗೋತೀವಿ.

ಬೋರ್ಡಿನ ಪರವಾಗಿ ಇನ್ನೊಂದು ಸಾಕ್ಷಿ ಇದೆ, ಇದನ್ನ ನಮ್ಮವರು ಯಾರೂ ಸರಿಯಾಗಿ ಗಮನಿಸಿಲ್ಲ. ಇಂಟೆಲಿನ 13 ಮತ್ತು 14ನೇ ತಲೆಮಾರಿನ ದೊಡ್ಡ ಪ್ರೊಸೆಸರುಗಳು ಹೆಚ್ಚಿನ ವೋಲ್ಟೇಜ್ ಕೇಳಿ ಕೇಳಿ ಒಳಗೊಳಗೇ ಹಾಳಾಗ್ತಿದ್ದ ವಿಷಯ 2024ರಲ್ಲಿ ಹೊರಗೆ ಬಂತು. ಕಂಪನಿ ವಾರಂಟಿಯನ್ನ ಎರಡು ವರ್ಷ ಹೆಚ್ಚಿಸ್ತು, ಮದ್ದು ಕೂಡ ಬಿಡುಗಡೆ ಮಾಡ್ತು. ಮದ್ದು ಬಂದಿದ್ದು ಹೇಗೆ? ಬೋರ್ಡಿನ ಬಯೋಸ್ ಅಪ್‌ಡೇಟಾಗಿ! ಹೆಸರಿರೋ ಕಂಪನಿಯ ಬೋರ್ಡಿದ್ರೆ ಅವರ ಸೈಟಿಗೆ ಹೋಗಿ ಇಳಿಸ್ಕೋಬಹುದು. ಹೆಸರೇ ಇಲ್ಲದ ಬೋರ್ಡಿನವನು ಯಾವ ಸೈಟಿಗೆ ಹೋಗ್ಬೇಕು? ಎಎಂಡಿ ಕಡೆಯೂ ಅಷ್ಟೇ. ಎಎಂ4 ಸಾಕೆಟ್ಟು 2017ರ ಮೊದಲ ರೈಜನ್ನಿಂದ ಹಿಡಿದು 5000 ಸಾಲಿನವರೆಗೂ ಬಂತು, 2024ರಲ್ಲೂ ಅದಕ್ಕೆ ಹೊಸ ಪ್ರೊಸೆಸರ್ ಬಿಟ್ರು. 2018ರ ಬಿ450 ಬೋರ್ಡಿಗೆ 5600ಜಿ ಹಾಕಬಹುದು, ಸಂತೋಷ. ಆದ್ರೆ ಹಳೇ ಬಯೋಸಿರೋ ಬೋರ್ಡು ಬಂದ್ರೆ ಪರದೆ ಕಪ್ಪು. ಬೆಂಗಳೂರಲ್ಲಾದ್ರೆ ಎಸ್‌ಪಿ ರೋಡಿನಲ್ಲಿ ಯಾರಾದ್ರೂ ಹಳೇ ಪ್ರೊಸೆಸರ್ ಕೂರಿಸಿ ಅಪ್‌ಡೇಟ್ ಮಾಡಿಕೊಡ್ತಾರೆ, ಮೊಳಕಾಲ್ಮೂರಲ್ಲಿ ಯಾರನ್ನ ಕೇಳ್ತೀರಿ? ಹಾಗಾಗಿ ಪ್ರೊಸೆಸರ್ ಇಲ್ಲದೆಯೇ ಬಯೋಸ್ ತುಂಬೋ ಬಟನ್ ಇರೋ ಬೋರ್ಡು ನಮಗೆ ಶೋಕಿ ಅಲ್ಲ, ಅಗತ್ಯ.

ಸಾಕೆಟ್ ಹೆಸರು ಒಂದೇ ಇದ್ರೆ ಸಾಕು ಅನ್ನೋರೂ ಇದ್ದಾರೆ. ಸಾಲದು. ಎಲ್‌ಜಿಎ 1151 ಅಂತ ಆರು, ಏಳನೇ ತಲೆಮಾರಿಗೂ ಹೆಸರು, ಎಂಟು, ಒಂಬತ್ತಕ್ಕೂ ಅದೇ ಹೆಸರು. ಕೂರುತ್ತೆ, ಓಡಲ್ಲ. ಅದೇ ರೀತಿ ಇಂಟೆಲ್ ಪ್ರೊಸೆಸರಿನ ಬಾಲದಲ್ಲಿ 'ಎಫ್' ಇದ್ರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ ಅಂತರ್ಥ. ಬೋರ್ಡಿನ ಹಿಂದೆ ಎಚ್‌ಡಿಎಂಐ ತೂತು ಇದೆಯಲ್ಲಾ ಅಂತ ಸಾವಿರ ರೂಪಾಯಿ ಉಳಿಸೋಕೆ 12100ಎಫ್ ತಂದವರಿಗೆ ಆ ತೂತಿನಿಂದ ಏನೂ ಬರಲ್ಲ.

ಈಗ ಎದುರುವಾದಕ್ಕೆ ಬರ್ತೀನಿ. "ನೀನು ಹೇಳೋದೆಲ್ಲ ಸರಿ, ಬಡವರು ಏನು ಮಾಡ್ಬೇಕು? ಟೈಪ್ ಮಾಡೋಕೆ, ನುಡಿ ಓಡಿಸೋಕೆ ಹಳೇ ಐ7 ಸಾಲದೇ?" ಸಾಲುತ್ತೆ. ಧಾರಾಳವಾಗಿ ಸಾಲುತ್ತೆ. ಹಳೇದನ್ನ ಹಳೇದು ಅಂತ ಹೇಳಿ ಹಳೇ ಬೆಲೆಗೆ ಕೊಡಲಿ, ನಾನೇ ಹೊತ್ಕೊಂಡು ಹೋಗಿ ಲಿನಕ್ಸ್ ಹಾಕಿಕೊಟ್ಟು ಬರ್ತೀನಿ, ಯೂನಿಕೋಡ್ ಕನ್ನಡ ಅದರಲ್ಲಿ ಮುತ್ತಿನ ಹಾಗೆ ಕಾಣುತ್ತೆ. ನನ್ನ ತಕರಾರು ಹಳೇ ಎತ್ತಿನ ಕೊಂಬಿಗೆ ಬಣ್ಣ ಬಳಿದು ಹೋರಿ ಅಂತ ಮಾರೋದರ ಬಗ್ಗೆ. ದನದ ಜಾತ್ರೆಯಲ್ಲಿ ಹಲ್ಲು ಎಣಿಸದೆ ಎತ್ತು ತರದ ನಮ್ಮ ಭಾವ, 24 ಸಾವಿರದ ಡಬ್ಬವನ್ನ ಬಾಯಿ ತೆರೆಸದೇ ತಂದ್ರಲ್ಲ! ದುಡ್ಡು ಕಡಿಮೆ ಇದ್ರೆ, ಕಚೇರಿಗಳಿಂದ ಹೊರಬಿದ್ದ, ಎಂಟನೇ ತಲೆಮಾರು ಅಥವಾ ಮೇಲಿನ ಐ3, ಐ5 ಇರೋ ದೊಡ್ಡ ಕಂಪನಿಗಳ ಡೆಸ್ಕ್‌ಟಾಪ್ ತಗೊಳ್ಳಿ. ಬಣ್ಣದ ದೀಪ ಇರಲ್ಲ. ಬೋರ್ಡಿನ ಮೇಲೆ ಮಾಡಿದವರ ಹೆಸರಿರುತ್ತೆ, ವಿಂಡೋಸ್ 11 ಮುಂಬಾಗಿಲಿಂದ ಬರುತ್ತೆ.

ಹೊಸದಾಗಿ ಕಟ್ಟಿಸೋರಿಗೆ ನಾನು ಹೇಳೋದು ಎರಡೇ ದಾರಿ. ಮನೆಗೆ, ಓದಿಗೆ, ಟೈಪಿಂಗಿಗೆ ಐ3 12100 (ಎಫ್ ಅಲ್ಲ), ಜೊತೆಗೆ ವಿಆರ್‌ಎಂ ಮೇಲೆ ಶಾಖ ತೆಗೆಯೋ ತುಂಡಿರೋ, ಹೆಸರಿರೋ ಕಂಪನಿಯ ಎಚ್610 ಅಥವಾ ಬಿ660. ಇಲ್ಲವಾದ್ರೆ ರೈಜನ್ 5600ಜಿ, ಬಿ550 ಬೋರ್ಡು. ಹೊಸ ಎಎಂ5 ಸಾಕೆಟ್ಟು ಬೇಡ್ವಾ ಅಂತೀರಾ? ಮುಂದಿನ ವರ್ಷಗಳ ಲೆಕ್ಕದಲ್ಲಿ ಅದೇ ಒಳ್ಳೇದು, ಆದ್ರೆ ಅದಕ್ಕೆ ಡಿಡಿಆರ್5 ಬಿಟ್ಟು ಬೇರೆ ಗತಿ ಇಲ್ಲ. 2025ರ ಕೊನೆಯಲ್ಲಿ ಎಐ ಸರ್ವರುಗಳ ಹಸಿವಿನಿಂದ ರ್‍ಯಾಮ್ ಬೆಲೆ ಹೇಗೆ ಏರಿತು ಅನ್ನೋದನ್ನ ಎಲ್ರೂ ನೋಡಿದ್ದೀವಿ, ಮೈಕ್ರಾನ್‌ನವರು ಕ್ರೂಶಿಯಲ್ ಅಂಗಡಿಯನ್ನೇ ಮುಚ್ತೀವಿ ಅಂದ್ರು. ರ್‍ಯಾಮ್ ಬೆಲೆ ವಿಚಾರಿಸಿಯೇ ಬೋರ್ಡು ಆರಿಸಿ, ಯಾವ ರ್‍ಯಾಮ್ ಅನ್ನೋದನ್ನ ನಿರ್ಧರಿಸೋದೂ ಬೋರ್ಡೇ. ಮನೆಯಲ್ಲಿ ಹಳೇ ಡಿಡಿಆರ್4 ಇದ್ರೆ ಬಿಸಾಕಬೇಡಿ.

ಮತ್ತೆ ಬಿಲ್ಲು. ಭಾವನ ಬಿಲ್ಲಲ್ಲಿ ಇದ್ದಿದ್ದು ಒಂದೇ ಸಾಲು: "ಐ7 ಕಂಪ್ಯೂಟರ್ ಸೆಟ್ - 1". ಬೋರ್ಡಿನ ಹೆಸರಿಲ್ಲ, ತಲೆಮಾರಿಲ್ಲ, ಸೀರಿಯಲ್ ನಂಬರಿಲ್ಲ. ಹಿಡ್ಕೊಂಡು ಅಂಗಡಿಗೆ ಹೋದ್ವಿ. ಅಂಗಡಿಯ ಹುಡುಗ ಕೆಟ್ಟವನೇನಲ್ಲ, ನಿಜವಾಗ್ಲೂ ಆಶ್ಚರ್ಯಪಟ್ಟ. "ಅಣ್ಣ, ಇಷ್ಟು ವರ್ಷದಾಗೆ ಬೋರ್ಡ್ ಹೆಸ್ರು ಕೇಳಿದೋರು ನೀವೇ ಮೊದಲು. ಎಲ್ರೂ ಐ7 ಐತಾ ಅಂತಾರೆ, ಐತೆ ಅಂತೀವಿ." ಜಗಳ ಮಾಡೋಕೆ ಹೋದ ನನಗೆ ಬಾಯಿ ಕಟ್ಟಿತು. ವಾಪಸ್ ತಗೊಳೋದಿಲ್ಲ ಅಂದ, ಎಂಟನೇ ತಲೆಮಾರಿನ ಹಳೇ ಆಫೀಸ್ ಡೆಸ್ಕ್‌ಟಾಪಿಗೆ ಅದಲುಬದಲು ಮಾಡಿಕೊಡ್ತೀನಿ, ಮೇಲೆ ಮೂರು ಸಾವಿರ ಕೊಡಿ ಅಂದ. ಕೊಟ್ವಿ. ದೀಪ ಹೋಯ್ತು ಅಂತ ಅಳಿಯ ಎರಡು ದಿನ ಮುಖ ಊದಿಸ್ಕೊಂಡಿದ್ದ.

ಅಕ್ಕ ಈಗಲೂ ಬೀದಿಯವರಿಗೆ ಹೇಳೋದು ಐ7 ಅಂತಲೇ. ಅದು ಐ5 ಕಣೇ ಅಂದ್ರೆ "ಸುಮ್ನಿರೋ" ಅಂತಾಳೆ. ಹಿಂದಿನ ಬೀದಿಯವರೊಬ್ಬರು ಬರೋ ಶನಿವಾರ ಬಳ್ಳಾರಿಗೆ ಕಂಪ್ಯೂಟರ್ ತರೋಕೆ ಹೊರಟಿದ್ದಾರಂತೆ. ಅವರಿಗೆ ಒಂದು ಚೀಟಿಯಲ್ಲಿ ಮೊದಲು ಬೋರ್ಡಿನ ಹೆಸರು, ಅದರ ಕೆಳಗೆ ಪ್ರೊಸೆಸರಿನ ಪೂರ್ತಿ ನಂಬರು ಬರೆದು ಕೊಟ್ಟು ಬಂದಿದ್ದೀನಿ.